ಮುದಿ ಬೆಕ್ಕು ಕಲಿಸಿದ ಅಣುವ್ರತ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅದರ ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ ನೀರುಗಳನ್ನು ತಡೆಯುವುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಈ ಪಟ್ಟಿಯನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವನು ನಾನು. ಮುಂದೆ ಅಧ್ಯಾಪಕನಾಗಿದ್ದಾಗ ರಜೆಯ ದಿನಗಳಲ್ಲಿ ಬಸದಿಯ ಪಾಠಶಾಲೆಯ ಮಕ್ಕಳಿಗೆ ಅದನ್ನೇ ಕಲಿಸಿದೆ. ಐದನೆಯದಾದ ಅನ್ನಪಾನನಿರೋಧವನ್ನು ವಿವರಿಸುವಾಗ ಗಾಡಿಯ ಎತ್ತು, ಜಟಕಾದ ಕುದುರೆ ಇವುಗಳ ಉದಾಹರಣೆ ಕೊಡುತ್ತಿದ್ದೆ. ಇವು ಬೇರೆಯವರ ಮನೆಯ ತಪ್ಪುಗಳು, ನಮ್ಮ ಮನೆಯವಲ್ಲ ಎಂಬ ಭಾವ ಮಾತಿನಲ್ಲಿ ಇಲ್ಲದಿದ್ದರೂ ಮನಸ್ಸಿನಲ್ಲಿ ಇದ್ದಿರಬೇಕು. ನನ್ನ 68ನೆಯ ವಯಸ್ಸಿನಲ್ಲಿ, ನನ್ನ ಮನೆಯೊಳಗೆ, ನನ್ನ ಕೈಯಿಂದಲೇ ಆ ಐದನೆಯ ಅತಿಚಾರ ನಡೆಯಿತು. ಅದನ್ನು ಧರ್ಮಬಂಧುಗಳ ಮುಂದೆ ಇಡುವುದು ನನ್ನ ಪಾಲಿಗೆ ಒಂದು ಬಗೆಯ ಆಲೋಚನೆ. ಓದುವವರಿಗೆ ಎಚ್ಚರಿಕೆಯಾದರೆ ಅದು ಅಧಿಕ ಫಲ.

ಮೂಡುಬಿದಿರೆಯ ಸಮೀಪ ನಮ್ಮದೊಂದು ಹಳೆಯ ಹೆಂಚಿನ ಮನೆ. 2009ರ ಆಷಾಢದ ಮಳೆಯಲ್ಲಿ ಬೈಹುಲ್ಲಿನ ಅಟ್ಟದಲ್ಲಿ ತಾಯಿಬೆಕ್ಕು ಬಿಟ್ಟುಹೋದ ಒಂದು ಬಿಳಿಯ ಮರಿಯನ್ನು ನನ್ನ ತಾಯಿಯವರು ಸೆರಗಿನಲ್ಲಿ ಒರೆಸಿ ಒಳಗೆ ತಂದರು. ಬೊಳ್ಳಿ ಎಂದು ಹೆಸರಿಟ್ಟರು. ತುಳುವಿನಲ್ಲಿ ಹಾಗೆಂದರೆ ಬೆಳ್ಳಿ. ಶ್ರಾವಕರು ಬೆಕ್ಕನ್ನು ಸಾಕುವುದು ಸರಿಯೇ ಎಂದು ಆಗ ನಾನು ಆಕ್ಷೇಪಿಸಿದ್ದುಂಟು. ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದೆ ಎಂದು ತಾಯಿಯವರಿಗೆ ತೋರಿಸಿದೆ. ಅವರು, “ನಾನು ಸಾಕುತ್ತಿಲ್ಲ ಮಗಾ, ಮಳೆ ನಿಲ್ಲುವ ತನಕ ಇರಲಿ ಎಂದೆ” ಎಂದರು. ಮಳೆ ನಿಂತಿತು, ಬೆಕ್ಕು ಉಳಿಯಿತು. ತಾಯಿಯವರು ಚಾವಡಿಯಲ್ಲಿ ಕುಳಿತು ಸಾಮಾಯಿಕ ಮಾಡುವಾಗ ಅವರ ಮಣೆಯ ಪಕ್ಕದಲ್ಲಿ ಅದು ಮುದುಡಿ ಮಲಗುತ್ತಿತ್ತು. 2017ರಲ್ಲಿ ಅವರು ತೀರಿಕೊಂಡ ಮೇಲೂ ಬಹಳ ದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬಂದು ಕುಳಿತುಕೊಳ್ಳುತ್ತಿತ್ತು.

2022ರ ಮೇ ತಿಂಗಳಲ್ಲಿ ನಾವು ಹಳೆಯ ಮನೆಗೆ ಬೀಗ ಹಾಕಿ ಮಂಗಳೂರಿನಲ್ಲಿ ಮಗನ ಫ್ಲಾಟಿಗೆ ಬಂದೆವು. ನನ್ನ ಪತ್ನಿಯ ಮಂಡಿನೋವು, ಮಗನ ಉದ್ಯೋಗ, ಮೊಮ್ಮಗಳ ಶಾಲೆ, ಎಲ್ಲವೂ ಕಾರಣಗಳೇ. ಹೀಗೆ ಬೀಗ ಬಿದ್ದ ಮನೆಗಳ ಅಂಗಳದಲ್ಲಿ ಬೆಕ್ಕು ನಾಯಿಗಳು ತಿಂಗಳುಗಟ್ಟಲೆ ಬಾಗಿಲು ಕಾಯುವುದನ್ನು ನಾನು ಕಂಡಿದ್ದೆ. ಆದ್ದರಿಂದ ಬೊಳ್ಳಿಯನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ. ಮುಚ್ಚಳದ ಬುಟ್ಟಿಯೊಂದರಲ್ಲಿ ಇಟ್ಟು ಕಾರಿನಲ್ಲಿ ತಂದೆವು. ಸುಮಾರು 35 ಕಿಲೋಮೀಟರ್ ದಾರಿಯುದ್ದಕ್ಕೂ ಅದು ಕೂಗುತ್ತಲೇ ಇತ್ತು. ಆಗ ಅದಕ್ಕೆ 13 ವರ್ಷ. ಪಶುವೈದ್ಯರ ಲೆಕ್ಕದಲ್ಲಿ ಅದು ಮನುಷ್ಯನ 68 ವರ್ಷಕ್ಕೆ ಸಮಾನವೆಂದು ಮುಂದೆ ತಿಳಿಯಿತು. ನಾವಿಬ್ಬರೂ ಸಮವಯಸ್ಕರಾಗಿಯೇ ಊರು ಬಿಟ್ಟಿದ್ದೆವು.

ನನಗೆ ಹೊಸ ಮನೆಯಲ್ಲಿ ನನ್ನ ಪುಸ್ತಕಗಳು ಬಂದಿದ್ದವು, ನನ್ನ ಮಂಚ ಬಂದಿತ್ತು, ಮಾತನಾಡಲು ಜನರಿದ್ದರು. ಬೆಕ್ಕಿಗೆ ಏನೂ ಬಂದಿರಲಿಲ್ಲ. ಬೆಕ್ಕು ತನ್ನ ಲೋಕವನ್ನು ಕಣ್ಣಿಗಿಂತ ಹೆಚ್ಚಾಗಿ ವಾಸನೆಯಿಂದ ಅರಿಯುತ್ತದೆ. ಕೆನ್ನೆಯನ್ನು ಕಂಬಕ್ಕೆ, ಬಾಗಿಲಿಗೆ, ನಮ್ಮ ಕಾಲಿಗೆ ಉಜ್ಜಿ ತನ್ನ ಗುರುತನ್ನು ಬಿಡುತ್ತದೆ. ಆ ಗುರುತುಗಳ ನಡುವೆ ಅದಕ್ಕೆ ನೆಮ್ಮದಿ. ಮೂರನೆಯ ಮಹಡಿಯ ಫ್ಲಾಟಿನಲ್ಲಿ ಹೊಸ ಬಣ್ಣದ ವಾಸನೆ, ಲಿಫ್ಟಿನ ಸದ್ದು, ಮಿಕ್ಸಿಯ ಸದ್ದು, ಕೆಳಗಿನ ರಸ್ತೆಯ ನಾಯಿಗಳು. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಸದ್ದು ಮಾತ್ರ ಕೇಳಿಸಿದರೆ ಬೆಕ್ಕಿಗೆ 60,000ಕ್ಕೂ ಮೇಲ್ಪಟ್ಟು ಕೇಳಿಸುತ್ತದೆ. ಹಾಗಾಗಿ ನಮಗೆ ಮೌನವೆನಿಸುವ ಮನೆ ಅದಕ್ಕೆ ಮೌನವಲ್ಲ. ಮೊದಲ ಒಂಬತ್ತು ದಿನ ಅದು ಮಂಚದ ಕೆಳಗಿನಿಂದ ಹಗಲಲ್ಲಿ ಹೊರಗೆ ಬರಲೇ ಇಲ್ಲ. “ಹೊಸ ಜಾಗ, ಅಭ್ಯಾಸವಾಗುತ್ತದೆ” ಎಂದು ನಾನು ಪುಸ್ತಕ ಹಿಡಿದು ಕುಳಿತೆ.

ಆಗಸ್ಟ್ ತಿಂಗಳಲ್ಲಿ ಬೊಳ್ಳಿ ದೇವರ ಕೋಣೆಯ ಹೊಸ್ತಿಲ ಬಳಿ ಮೂತ್ರ ಮಾಡಿತು. ಮರುದಿನವೂ ಮಾಡಿತು. ಮೂರನೆಯ ಸಲ ನಾನು ಸಾಮಾಯಿಕಕ್ಕೆ ಕುಳಿತುಕೊಳ್ಳುವ ಚಾಪೆಯ ಮೇಲೆಯೇ ಮಾಡಿತು. 13 ವರ್ಷ ಒಮ್ಮೆಯೂ ಮನೆಯೊಳಗೆ ಹೊಲಸು ಮಾಡದ ಪ್ರಾಣಿ ಈಗೇಕೆ ಹೀಗೆ ಮಾಡುತ್ತಿದೆ ಎಂದು ನಾನು ಕೇಳಿಕೊಳ್ಳಲಿಲ್ಲ. ಅದು ಹಟದಿಂದ ಮಾಡುತ್ತಿದೆ, ಊರು ಬಿಡಿಸಿದ ಸಿಟ್ಟನ್ನು ತೀರಿಸಿಕೊಳ್ಳುತ್ತಿದೆ ಎಂದು ತೀರ್ಮಾನಿಸಿದೆ. ಶುಚಿಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಿನವನು. ರಾತ್ರಿ ಅದನ್ನು ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ ಕೂಡಿಹಾಕುವುದು, ಸಂಜೆಯಾಗುತ್ತಲೇ ನೀರಿನ ಬಟ್ಟಲನ್ನು ತೆಗೆದುಬಿಡುವುದು ಎಂದು ಗೊತ್ತುಮಾಡಿದೆ. ಕುಡಿಯದಿದ್ದರೆ ಮೂತ್ರ ಮಾಡದು ಎಂಬುದು ನನ್ನ ತರ್ಕ.

ಇಷ್ಟಕ್ಕೇ ನಿಲ್ಲಲಿಲ್ಲ. “ನಾವು ಸೂರ್ಯಾಸ್ತದ ಬಳಿಕ ಅನ್ನ ನೀರು ಮುಟ್ಟುತ್ತೇವೆಯೇ? ಶ್ರಾವಕರ ಮನೆಯ ಬೆಕ್ಕಿಗೂ ಅದೇ ನಿಯಮ” ಎಂದು ಮನೆಗೆ ಬಂದ ನೆಂಟರ ಮುಂದೆ ವಿನೋದವಾಗಿ ಹೇಳಿದೆ. ಅವರು ನಕ್ಕರು, ನಾನೂ ನಕ್ಕೆ. ನನ್ನ ಅನುಕೂಲಕ್ಕೆ ವ್ರತದ ಬಟ್ಟೆಯನ್ನು ಉಡಿಸಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಹನ್ನೊಂದು ರಾತ್ರಿ ಹೀಗೆ ನಡೆಯಿತು. ಹನ್ನೆರಡನೆಯ ಬೆಳಗ್ಗೆ ಎಂಟು ವರ್ಷದ ಮೊಮ್ಮಗಳು ಬೇಗ ಎದ್ದು ಹಿಂದಿನ ಬಾಗಿಲು ತೆರೆದಳು. “ಅಜ್ಜಾ, ಇಲ್ಲಿ ಬನ್ನಿ. ಬೊಳ್ಳಿ ನೆಲದ ಸಾಬೂನು ನೀರು ನೆಕ್ಕುತ್ತಾ ಇದೆ” ಎಂದು ಕೂಗಿದಳು. ನಾನು ಹೋಗಿ ನೋಡಿದೆ. ನೀರು ಹೊರಹೋಗುವ ಜಾಲರಿಗೆ ಬಾಯಿ ಹಚ್ಚಿ, ಹಿಂದಿನ ದಿನ ಬಟ್ಟೆ ಒಗೆದಾಗ ಅಲ್ಲಿ ನಿಂತಿದ್ದ ಪಸೆಯನ್ನು ಅದು ನೆಕ್ಕುತ್ತಿತ್ತು. ನಾವು ಬಂದದ್ದು ತಿಳಿದರೂ ತಲೆ ಎತ್ತಲಿಲ್ಲ. ಸೊಸೆ ನನ್ನ ಹಿಂದೆ ನಿಂತಿದ್ದಳು. “ಮಾವ, ಅದಕ್ಕೆ ಏನೋ ಕಾಯಿಲೆ ಇದೆ. ನೀವು ಹೇಳಿದಿರಿ ಎಂದು ನಾನೂ ಸುಮ್ಮನಿದ್ದೆ, ಅದು ನನ್ನ ತಪ್ಪು. ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ” ಎಂದಳು. ನಾನು ಉತ್ತರ ಕೊಡಲಿಲ್ಲ; ಬಟ್ಟಲು ತುಂಬ ನೀರು ತಂದಿಟ್ಟೆ. ಅದು ಬಟ್ಟಲು ಮುಗಿಯುವವರೆಗೂ ಕುಡಿಯಿತು.

ಪಶುವೈದ್ಯೆ ಬೆಕ್ಕಿನ ಬೆನ್ನಿನ ಚರ್ಮವನ್ನು ಮೆಲ್ಲಗೆ ಎತ್ತಿಬಿಟ್ಟರು. ಅದು ತಟ್ಟನೆ ಇಳಿಯದೆ ಹಾಗೆಯೇ ನಿಂತಿತು. ದೇಹದಲ್ಲಿ ನೀರು ಕಡಿಮೆಯಾದುದರ ಗುರುತು ಅದು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 3.4 ಬಂದಿತು. ಬೆಕ್ಕುಗಳ ಮೂತ್ರಪಿಂಡದ ಬೇನೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ, ಇದು ಮೂರನೆಯದು. ರಕ್ತದೊತ್ತಡವೂ ಏರಿತ್ತು. ಕ್ಷಕಿರಣ ಚಿತ್ರದಲ್ಲಿ ಸೊಂಟದ ಕೀಲುಗಳು ಸವೆದಿರುವುದು ಕಂಡಿತು.

ಅವರು ಒಂದು ಕಾಗದದ ಮೇಲೆ ಚಿತ್ರ ಬರೆದು ನನಗೆ ವಿವರಿಸಿದರು. ಆರೋಗ್ಯದ ಮೂತ್ರಪಿಂಡ ನೀರನ್ನು ಹಿಡಿದಿಟ್ಟು ಕಲ್ಮಷವನ್ನಷ್ಟೇ ಹೊರಹಾಕುತ್ತದೆ. ಮುಪ್ಪಿನಲ್ಲಿ ಅದು ಕೆಡುತ್ತಾ ಬಂದಾಗ ನೀರನ್ನು ಹಿಡಿದಿಡುವ ಶಕ್ತಿ ಮೊದಲು ಹೋಗುತ್ತದೆ. ನೀರು ಹೆಚ್ಚು ಕುಡಿದುದರಿಂದ ಮೂತ್ರ ಹೆಚ್ಚಾಯಿತೆಂದು ನಾನು ತಿಳಿದಿದ್ದೆ. ನಿಜದಲ್ಲಿ ಮೂತ್ರವಾಗಿ ನೀರು ಹರಿದುಹೋಗುತ್ತಿದ್ದುದರಿಂದಲೇ ಅದು ಅಷ್ಟು ಕುಡಿಯುತ್ತಿತ್ತು. ಅಂಥ ಪ್ರಾಣಿಗೆ ನೀರನ್ನು ತಡೆದರೆ ಉಳಿದಿರುವ ಮೂತ್ರಪಿಂಡವೂ ಬೇಗ ಸೋಲುತ್ತದೆ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಕಾರ್ಯಶಕ್ತಿಯ ಬಹುಪಾಲು ಆಗಲೇ ನಷ್ಟವಾಗಿರುತ್ತದೆಯಂತೆ. ಬೆಕ್ಕು ಬೇಟೆಯಾಡುವ ಪ್ರಾಣಿಯಷ್ಟೇ ಅಲ್ಲ, ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ಆದ್ದರಿಂದ ನೋವನ್ನು ತೋರಿಸಿಕೊಳ್ಳದಿರುವುದು ಅದರ ಸ್ವಭಾವ. ಮಂಚದ ಕೆಳಗೆ ಒಂಬತ್ತು ದಿನ ಅಡಗಿದ್ದು, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು ರೋಮ ಜಡೆಗಟ್ಟಿದ್ದು, ಎತ್ತರಕ್ಕೆ ಹಾರುವುದನ್ನು ನಿಲ್ಲಿಸಿದ್ದು, ಇವೇ ಅದರ ಮಾತುಗಳಾಗಿದ್ದವು. ನಾವು ಕೇಳಿರಲಿಲ್ಲ.

“ಮರಳಿನ ತಟ್ಟೆ ಎಲ್ಲಿಟ್ಟಿದ್ದೀರಿ?” ಎಂದು ಕೇಳಿದರು. ಬಾಲ್ಕನಿಯಲ್ಲಿ ಎಂದೆ. ಬಾಲ್ಕನಿಗೆ ಹೋಗಲು ಎತ್ತರದ ಕಟ್ಟೆಯೊಂದನ್ನು ದಾಟಬೇಕು, ತಟ್ಟೆಯ ಅಂಚೂ ಎತ್ತರ. ಸವೆದ ಕೀಲುಗಳಿಗೆ ಅದು ದಿನಕ್ಕೆ ಹತ್ತು ಸಲದ ಶಿಕ್ಷೆ. ಅಮೆರಿಕದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 90 ಬೆಕ್ಕುಗಳಿಗೆ ಕೀಲುಸವೆತ ಇದ್ದುದು ಕಂಡುಬಂದಿತ್ತು. ಕುಂಟದ ಬೆಕ್ಕಿಗೆ ಕಾಲುನೋವಿಲ್ಲ ಎಂದು ನಂಬಿದ್ದ ನನಗೆ ಇದು ಹೊಸ ಸಂಗತಿ. ದೇವರ ಕೋಣೆಯ ಹೊಸ್ತಿಲ ಬಳಿ ಮೆತ್ತನೆಯ ಚಾಪೆ ಇತ್ತು, ಸದ್ದಿರಲಿಲ್ಲ, ಹಾರಬೇಕಾಗಿರಲಿಲ್ಲ. ಬಡಪ್ರಾಣಿ ಆರಿಸಿಕೊಂಡದ್ದು ಅಷ್ಟನ್ನೇ.

ಆ ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ಅತಿಚಾರಗಳ ಪಟ್ಟಿ ಬಂದಿತು. ಬಂಧ ಎಂದಾಗ ಕೂಡಿಹಾಕಿದ ಬಾಗಿಲು ಕಂಡಿತು. ಅನ್ನಪಾನನಿರೋಧ ಎಂದಾಗ ಧ್ವನಿ ಏಳಲಿಲ್ಲ. ಯಶೋಧರನ ಕಥೆಯಲ್ಲಿ ಹಿಟ್ಟಿನ ಕೋಳಿಗೆ ಜೀವವಿರಲಿಲ್ಲ, ಆದರೆ ಸಂಕಲ್ಪವಿತ್ತು. ಅಷ್ಟರಿಂದಲೇ ಜನ್ಮಜನ್ಮಗಳ ದುಃಖ ಬಂದಿತು. ನನ್ನಲ್ಲಿ ಕೊಲ್ಲುವ ಸಂಕಲ್ಪವಿರಲಿಲ್ಲ, ಆದರೆ ಎದುರಿಗೆ ಜೀವವಿತ್ತು. ನನ್ನಲ್ಲಿದ್ದುದು ಪ್ರಮಾದ. ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನೇ ಏಕೆ ಮೊದಲು ಇಟ್ಟರೆಂಬುದು ಐವತ್ತು ವರ್ಷ ಓದಿದರೂ ತಿಳಿಯದೆ ಆ ದಿನ ತಿಳಿಯಿತು. ಕ್ರೂರಿಗಳಲ್ಲದವರ ಮನೆಯಲ್ಲಿ ಹಿಂಸೆ ಆ ಬಾಗಿಲಿನಿಂದಲೇ ಒಳಗೆ ಬರುತ್ತದೆ.

ಇನ್ನೊಂದೂ ತಿಳಿಯಿತು. ರಾತ್ರಿಭೋಜನ ತ್ಯಾಗ ನನಗೆ ವ್ರತ, ಏಕೆಂದರೆ ನಾನು ಅರಿತು ಸ್ವೀಕರಿಸಿದ್ದೇನೆ. ಅದನ್ನೇ ಅರಿಯದ ಜೀವಿಯ ಮೇಲೆ ಹೊರಿಸಿದಾಗ ಅದು ವ್ರತವಾಗಿ ಉಳಿಯುವುದಿಲ್ಲ, ಬರಿಯ ಅನ್ನಪಾನನಿರೋಧವಾಗುತ್ತದೆ. ತನಗೆ ತಾನು ವಿಧಿಸಿಕೊಂಡರೆ ತಪಸ್ಸು, ಪರರಿಗೆ ವಿಧಿಸಿದರೆ ಪೀಡೆ. ಮುಂದಿನ ಎರಡು ವರ್ಷಗಳಲ್ಲಿ ಈ ಮಾತು ಇನ್ನೂ ಮೂರು ಸಲ ನನ್ನ ಎದುರಿಗೆ ಬಂದು ನಿಂತಿತು.

ಮೊದಲು ಆರೈಕೆಯ ವಿಷಯವನ್ನು ಹೇಳಿಬಿಡುತ್ತೇನೆ. ಇದು ಕಷ್ಟದ ಕೆಲಸವಲ್ಲ, ಗಮನದ ಕೆಲಸ. ಅಗಲ ಬಾಯಿಯ ನೀರಿನ ಬಟ್ಟಲುಗಳನ್ನು ಊಟದ ಜಾಗದಿಂದ ದೂರವಾಗಿ ಮನೆಯ ನಾಲ್ಕು ಕಡೆ ಇಟ್ಟೆವು. ಅಂಚು ತಗ್ಗಾದ ಎರಡು ಮರಳಿನ ತಟ್ಟೆಗಳನ್ನು ಬಾಲ್ಕನಿಯಿಂದ ಒಳಗೆ, ಜನ ಓಡಾಡದ ಮೂಲೆಗೆ ತಂದೆವು. ದಿನಕ್ಕೆ ಎರಡು ಸಲ ಶುಚಿಮಾಡಿದೆವು. ಹಳೆಯ ಮನೆಗೆ ಹೋಗಿ ತಾಯಿಯವರ ಮಣೆಯನ್ನೂ ಅವರ ಹಳೆಯ ಹೊದಿಕೆಯೊಂದನ್ನೂ ತಂದು ಕಿಟಕಿಯ ಬಳಿ ಇಟ್ಟೆ. ಅದು ಬಹಳ ಹೊತ್ತು ಮೂಸಿ ನೋಡಿ, ಕೆನ್ನೆ ಉಜ್ಜಿ, ಅಲ್ಲೇ ಮಲಗಿತು. ಕಿಟಕಿಯ ಕಟ್ಟೆಗೆ ಏರಲು ಎರಡು ಮೆಟ್ಟಿಲಿನ ಸ್ಟೂಲು ಇಟ್ಟೆವು. ಬುಟ್ಟಿಯನ್ನು ಆಸ್ಪತ್ರೆಗೆ ಹೋಗುವಾಗ ಮಾತ್ರ ಹೊರತೆಗೆಯುವುದನ್ನು ಬಿಟ್ಟು, ಸದಾ ಬಾಯಿ ತೆರೆದು ಒಳಗೆ ಬಟ್ಟೆ ಹಾಸಿ ಇಟ್ಟೆವು. ಕ್ರಮೇಣ ಅದು ಅದರ ಮಲಗುವ ಜಾಗವಾಗಿ, ಪ್ರಯಾಣದ ಭಯ ಕಡಿಮೆಯಾಯಿತು. ಊಟ, ಔಷಧ, ಸಲುಗೆ ಎಲ್ಲಕ್ಕೂ ಹೊತ್ತು ಗೊತ್ತುಮಾಡಿದೆವು. ಮುದಿ ಬೆಕ್ಕಿಗೆ ದಿನಚರಿಯೇ ಧೈರ್ಯ. ಮೂರು ವಾರಗಳಲ್ಲಿ ಹೊಸ್ತಿಲ ಬಳಿಯ ಹೊಲಸು ತಾನಾಗಿ ನಿಂತಿತು.

ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆಯ ಚೂರು. ಅದನ್ನು ನಿರ್ಲಕ್ಷಿಸಿದರೆ ಬೆಕ್ಕಿನ ಕಣ್ಣು ಒಮ್ಮೆಲೇ ಹೋಗಬಹುದಂತೆ. ವಾರಕ್ಕೆರಡು ಸಲ ಚರ್ಮದ ಕೆಳಗೆ ಸಲೈನ್ ಕೊಡುವುದನ್ನು ಸೊಸೆ ಕಲಿತಳು. ಕೀಲುನೋವಿಗೆ ನಮ್ಮ ಔಷಧದ ಡಬ್ಬಿಯಿಂದ ಪ್ಯಾರಾಸಿಟಮಾಲ್ ಕೊಡೋಣವೆಂದು ನಾನು ಒಮ್ಮೆ ಕೈ ಹಾಕಿದ್ದೆ. ಅದೃಷ್ಟವಶಾತ್ ಕೇಳಿ ಕೊಡೋಣವೆಂದು ತಡೆದೆ. ಮನುಷ್ಯರ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು; ಅದನ್ನು ಅರಗಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ದಯೆಗೂ ಜ್ಞಾನದ ಬೆಂಬಲ ಬೇಕು ಎಂಬುದನ್ನು ನಮ್ಮವರು ಸುಮ್ಮನೆ ಹೇಳಿಲ್ಲ.

ಆ ವರ್ಷದ ದೀಪಾವಳಿಯಲ್ಲಿ ಸುತ್ತಲಿನ ಕಟ್ಟಡಗಳಿಂದ ಮೂರು ರಾತ್ರಿ ಪಟಾಕಿ ಸಿಡಿಯಿತು. ಬೊಳ್ಳಿ ಕಪಾಟಿನ ಹಿಂದೆ ನಡುಗುತ್ತಾ ಕುಳಿತು ಎರಡು ದಿನ ಊಟ ಮುಟ್ಟಲಿಲ್ಲ. ಮಹಾವೀರಸ್ವಾಮಿಯ ನಿರ್ವಾಣದ ದಿನ ಅದು. ಪಟಾಕಿ ಸುಟ್ಟವರಲ್ಲಿ ನಮ್ಮವರೂ ಇದ್ದರು ಎಂದು ಬರೆಯಲು ಸಂಕೋಚವಾಗುತ್ತದೆ.

ಈಗ ಆ ಮೂರು ಪ್ರಸಂಗಗಳು. ಮೊದಲನೆಯದು ಆಹಾರ. ಬೊಳ್ಳಿ ನಮ್ಮ ಮನೆಯಲ್ಲಿ ಹಾಲು ಅನ್ನ ತಿಂದು ಬೆಳೆಯಿತೆಂದು ನಾವು ಹೆಮ್ಮೆಯಿಂದ ಹೇಳುತ್ತಿದ್ದೆವು. ಹಳೆಯ ಮನೆಯ ಅಟ್ಟದಲ್ಲಿ ಅದು ಏನನ್ನು ತಿನ್ನುತ್ತಿತ್ತೆಂದು ವಿಚಾರಿಸಿರಲಿಲ್ಲ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಸರಿಯಾಗಿ ಜೀರ್ಣವಾಗದು ಎಂಬುದೂ ಗೊತ್ತಿರಲಿಲ್ಲ. ಬೆಕ್ಕಿನ ಶರೀರ ಟಾರಿನ್ ಎಂಬ ಅಂಶವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸದಲ್ಲಿದೆ, ಧಾನ್ಯ ತರಕಾರಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದರ ಕೊರತೆಯಿಂದ ಬೆಕ್ಕುಗಳಿಗೆ ಕುರುಡು ಬರುವುದು 1970ರ ದಶಕದಲ್ಲಿ, ಹೃದಯ ಹಿಗ್ಗಿ ಸಾಯುವುದು 1987ರಲ್ಲಿ ಗೊತ್ತಾಯಿತು. ಟಾರಿನನ್ನು ಈಗ ಕೃತಕವಾಗಿ ತಯಾರಿಸುತ್ತಾರೆ, ಅದನ್ನು ಸೇರಿಸಿದ ಸಸ್ಯಾಹಾರಿ ಬೆಕ್ಕಿನ ಆಹಾರವೂ ಕೆಲವು ದೇಶಗಳಲ್ಲಿ ಮಾರಾಟಕ್ಕಿದೆ. ಆದರೆ ಹಸಿವೇ ಕುಂದಿದ ಮುದಿ ರೋಗಿಯ ಮೇಲೆ ಪ್ರಯೋಗ ಬೇಡ, ಮೂತ್ರಪಿಂಡದ ಬೇನೆಗೆಂದೇ ತಯಾರಾದ ಆಹಾರವನ್ನು ಕೊಡಿ ಎಂದರು ವೈದ್ಯೆ. ಅದರಲ್ಲಿ ಪ್ರಾಣಿಜನ್ಯ ವಸ್ತು ಇತ್ತು.

ನಾನು ನಮ್ಮೂರ ಬಸದಿಯ ಇಂದ್ರರಲ್ಲಿ ಹೋಗಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಕ್ಕನ್ನು ಸಾಕಬೇಡಿ ಎಂದು ಶಾಸ್ತ್ರ ಹೇಳಿದ್ದು ಈ ಇಕ್ಕಟ್ಟು ಬರುತ್ತದೆಂದೇ. ಅದನ್ನು ಮೀರಿ ಸಾಕಿದಿರಿ. ಈಗ ಹಸಿವಿನಿಂದ ಕೆಡವಿದರೆ ಮೊದಲಿನ ದೋಷ ಹೋಗುತ್ತದೆಯೇ, ಇನ್ನೊಂದು ಸೇರುತ್ತದೆಯೇ?” ಎಂದರು. ಮಾಡಿರೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ನಮ್ಮವರು ಸಸ್ಯಾಹಾರಿ ಪಕ್ಷಿಗಳನ್ನು ಒಳಗಿರಿಸಿಕೊಂಡು, ಬೇಟೆಯ ಪಕ್ಷಿಗಳಿಗೆ ಹೊರರೋಗಿಗಳಾಗಿ ಚಿಕಿತ್ಸೆ ಕೊಡುವುದು ನೆನಪಾಯಿತು. ಅಲ್ಲಿ ಒಂದು ಗೆರೆ ಉಂಟು, ಆದರೆ ಗಾಯಗೊಂಡ ಗಿಡುಗವನ್ನು ಬಾಗಿಲಿನಿಂದ ಅಟ್ಟುವುದಿಲ್ಲ. ನಾವೂ ಒಂದು ಗೆರೆ ಎಳೆದುಕೊಂಡೆವು. ಆ ಆಹಾರ ಅಡುಗೆಮನೆಗೆ ಬರಲಿಲ್ಲ. ಬೇರೆ ಪಾತ್ರೆ, ಬೇರೆ ಜಾಗ. ಅದು ನಿರ್ದೋಷವೆಂದು ನಾನು ವಾದಿಸುವುದಿಲ್ಲ. ದೋಷವನ್ನು ನನ್ನದೆಂದು ಒಪ್ಪಿಕೊಂಡು, ಬೆಕ್ಕು ಇರುವವರೆಗೆ ನನಗೆ ಪ್ರಿಯವಾದ ಸಿಹಿಯನ್ನೂ ತುಪ್ಪವನ್ನೂ ಬಿಟ್ಟೆ. ತ್ಯಾಗ ಮಾಡಬೇಕಾದವನು ನಾನು, ಅದಲ್ಲ.

ಎರಡನೆಯ ಪ್ರಸಂಗ 2024ರ ಫೆಬ್ರವರಿಯದು. ಬೊಳ್ಳಿ ಊಟ ಬಿಟ್ಟಿತು. ಬಟ್ಟಲಿನ ಬಳಿ ಬರುವುದು, ಮೂಸುವುದು, ತುಟಿ ನೆಕ್ಕಿಕೊಂಡು ಹಿಂದೆ ಸರಿಯುವುದು. ನೋಡಲು ಬಂದ ಹಿರಿಯರೊಬ್ಬರು ಕೈಮುಗಿದು, “ಪುಣ್ಯಜೀವಿ, ತಾನಾಗಿ ಸಲ್ಲೇಖನ ಸ್ವೀಕರಿಸಿದೆ. ತೊಂದರೆ ಕೊಡಬೇಡಿ” ಎಂದರು. ಮಾತು ಕೇಳಲು ಹಿತವಾಗಿತ್ತು. ನನಗೂ ಆಯಾಸವಾಗಿತ್ತು, ಒಪ್ಪಿಕೊಂಡುಬಿಡೋಣ ಎನಿಸಿತು. ಆದರೆ ಒಮ್ಮೆ ವ್ರತದ ಹೆಸರಿನಲ್ಲಿ ಮೋಸಹೋದವನು ನಾನು. ವೈದ್ಯೆಗೆ ಫೋನ್ ಮಾಡಿದೆ. ತುಟಿ ನೆಕ್ಕುವುದು ವಾಕರಿಕೆಯ ಗುರುತು ಎಂದರು. ಮೂತ್ರಪಿಂಡ ಹೊರಹಾಕದ ಕಲ್ಮಷ ರಕ್ತದಲ್ಲಿ ನಿಂತು ಹೊಟ್ಟೆ ತೊಳಸುತ್ತದೆ, ಹಸಿವಿದ್ದರೂ ತಿನ್ನಲಾಗದು. ವಾಕರಿಕೆಗೆ ಔಷಧ ಕೊಟ್ಟು, ಊಟವನ್ನು ತುಸು ಬೆಚ್ಚಗೆ ಮಾಡಿಕೊಟ್ಟ ಎರಡನೆಯ ದಿನ ಅದು ಬಟ್ಟಲಿಗೆ ಬಾಯಿ ಹಾಕಿತು. ಆ ಮೇಲೆ ನಾಲ್ಕು ತಿಂಗಳು ಬದುಕಿತು.

ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವಿಗೆ ಐದನೆಯ ಗುಣಸ್ಥಾನದವರೆಗೆ ಏರುವ ಯೋಗ್ಯತೆಯನ್ನು ನಮ್ಮ ಆಗಮ ಒಪ್ಪುತ್ತದೆ. ಅಂಥ ಜೀವವೊಂದರ ಅಂತರಂಗವನ್ನು ತಿಳಿಯಲು ನಾನು ಕೇವಲಜ್ಞಾನಿಯಲ್ಲ. ನನಗೆ ತಿಳಿಯಬಲ್ಲದ್ದು ಅದರ ವಾಕರಿಕೆ. ತಿಳಿದುದಕ್ಕೆ ಔಷಧ ಕೊಡುವುದು ನನ್ನ ಧರ್ಮ. ತಿಳಿಯದುದಕ್ಕೆ ವ್ರತದ ಹೆಸರು ಕೊಡುವುದು ಅಲ್ಲ.

ಮೂರನೆಯದು ಜೂನ್ ತಿಂಗಳಲ್ಲಿ. ಕ್ರಿಯಾಟಿನಿನ್ 7 ದಾಟಿತ್ತು. ವೈದ್ಯೆ ಬಹಳ ಮೃದುವಾಗಿ, ನೋವಿಲ್ಲದಂತೆ ಮುಗಿಸುವ ಚುಚ್ಚುಮದ್ದು ಒಂದಿದೆ, ಅನೇಕರು ಅದನ್ನು ಕೊನೆಯ ಕರುಣೆ ಎಂದು ತಿಳಿಯುತ್ತಾರೆ ಎಂದರು. ಆ ಮಾತಿನಲ್ಲಿ ಕರುಣೆಯ ಹೊರತು ಬೇರೆ ಏನೂ ಇರಲಿಲ್ಲ. ಅದನ್ನು ಆರಿಸಿಕೊಂಡವರನ್ನು ನಾನು ಹಳಿಯುವವನೂ ಅಲ್ಲ. ಆದರೆ ನನಗೆ 2015 ನೆನಪಾಯಿತು. ಆ ವರ್ಷ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾ ವ್ರತವನ್ನು ಆತ್ಮಹತ್ಯೆಯೊಡನೆ ಸಮೀಕರಿಸಿ ತೀರ್ಪಿತ್ತಾಗ ದೇಶದಾದ್ಯಂತ ನಮ್ಮ ಸಮಾಜ ಮೌನವಾಗಿ ಬೀದಿಗಿಳಿದಿತ್ತು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆಗ ನಾವೆಲ್ಲ ಹೇಳಿದ ಮಾತು ಒಂದೇ: ಸಲ್ಲೇಖನ ಸ್ವಂತ ಅರಿವಿನಿಂದ, ಸ್ವಂತ ಇಚ್ಛೆಯಿಂದ ಸ್ವೀಕರಿಸುವ ವ್ರತ, ಯಾರೂ ಯಾರ ಮೇಲೂ ಹೇರುವಂಥದಲ್ಲ. ಮನುಷ್ಯರ ಪರವಾಗಿ ಹಾಗೆ ವಾದಿಸಿದ ನಾನು, ಒಪ್ಪಿಗೆ ಕೊಡಲಾರದ ಪ್ರಾಣಿಯ ಕೊನೆಯ ದಿನವನ್ನು ನಿಶ್ಚಯಿಸಲಾರದೆ ಹೋದೆ.

ಆದರೆ ಚುಚ್ಚುಮದ್ದು ಬೇಡವೆಂದವನು ನೋವನ್ನು ಅದರ ಕರ್ಮಕ್ಕೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ. “ನೋವು ತಗ್ಗಿಸಲು ಏನೇನು ಸಾಧ್ಯವೋ ಎಲ್ಲವನ್ನೂ ಹೇಳಿ, ರಾತ್ರಿ ಎದ್ದಿರಬೇಕಾದರೆ ನಾನು ಎದ್ದಿರುತ್ತೇನೆ” ಎಂದೆ. ಅವರು ನೋವಿಗೆ ಹನಿಹನಿಯಾಗಿ ಬಾಯಿಗೆ ಬಿಡುವ ಔಷಧ ಕೊಟ್ಟರು. ಒತ್ತಾಯದಿಂದ ಉಣಿಸುವುದನ್ನು ನಿಲ್ಲಿಸಿ, ಬಾಯಿ ಒಣಗದಂತೆ ನೀರು ಸವರಲು ಹೇಳಿದರು. ಆರು ರಾತ್ರಿ ಸೊಸೆಯೂ ನಾನೂ ಸರದಿಯಂತೆ ಕುಳಿತೆವು. ಪ್ರತಿ ಒಂದು ಗಂಟೆಗೊಮ್ಮೆ ಹತ್ತಿಯಲ್ಲಿ ನೀರು ಅದ್ದಿ ಅದರ ತುಟಿಗೆ ಹಿಡಿದೆ. ಹಿಂದೆ ಹನ್ನೊಂದು ರಾತ್ರಿ ನೀರನ್ನು ತಡೆದಿದ್ದ ಕೈಗೆ ದೊರೆತ ಪ್ರಾಯಶ್ಚಿತ್ತ ಅದು.

ಏಳನೆಯ ಬೆಳಗಿನ ಜಾವ ಉಸಿರು ನಿಧಾನವಾಯಿತು. ಜೀವಂಧರ ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದ, ಅದು ಯಕ್ಷನಾಗಿ ಹುಟ್ಟಿತು ಎಂಬ ಕಥೆಯನ್ನು ಮೊಮ್ಮಗಳಿಗೆ ಹೇಳಿದ್ದೆ. ಅವಳು ಎದ್ದು ಬಂದು, “ಅಜ್ಜಾ, ನಾನು ಹೇಳಲಾ?” ಎಂದಳು. ಹೇಳು ಎಂದೆ. ಮೆಲುದನಿಯಲ್ಲಿ ಹೇಳಿದಳು, ಬೆಕ್ಕಿಗೆ ಸದ್ದು ಹೆಚ್ಚಾದರೆ ಹೆದರಿಕೆಯೆಂದು ಅವಳಿಗೆ ಈಗ ಗೊತ್ತು. ಅದು ತಾಯಿಯವರ ಹೊದಿಕೆಯ ಮೇಲೆ ಪ್ರಾಣ ಬಿಟ್ಟಿತು. ಮುಂದೆ ಯಾವ ಗತಿಗೆ ಹೋಯಿತೋ ನಾನು ಅರಿಯೆ. ಹಳೆಯ ಮನೆಯ ಹಿತ್ತಿಲಲ್ಲಿ ಮಣ್ಣು ಮಾಡಿ ಬಂದೆವು.

ಕೊನೆಯದಾಗಿ ಓದುಗರಲ್ಲಿಯೂ ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ನನ್ನ ವಿನಂತಿ. ಬೆಕ್ಕನ್ನು ಚಂದಕ್ಕಾಗಿ ತಂದು ಸಾಕಬೇಡಿ. ಈ ವಿಷಯದಲ್ಲಿ ಶಾಸ್ತ್ರದ ಮಾತು ದೂರದೃಷ್ಟಿಯದು. ಆದರೆ ಈಗಾಗಲೇ ಮನೆಯ ಅಂಗಳದಲ್ಲಿ, ಬಸದಿಯ ಪ್ರಾಕಾರದಲ್ಲಿ ಬಂದು ನೆಲೆಸಿರುವ ಜೀವಗಳು ಮುಪ್ಪಾಗುತ್ತವೆ ಎಂಬುದನ್ನು ನೆನಪಿಡಿ. ನಮ್ಮ ಕಡೆ ವರ್ಷವರ್ಷವೂ ಹಳೆಯ ಮನೆಗಳಿಗೆ ಬೀಗ ಬೀಳುತ್ತಿದೆ. ಮನೆ ಬಿಡುವ ಕುಟುಂಬವನ್ನು ಬೀಳ್ಕೊಡುವಾಗ, ಅಲ್ಲಿಯ ಪ್ರಾಣಿಗಳ ವ್ಯವಸ್ಥೆ ಏನಾಯಿತೆಂದು ಆಡಳಿತ ಮಂಡಳಿಯವರು ಒಂದು ಮಾತು ಕೇಳಲಿ. ವರ್ಷಕ್ಕೆರಡು ಸಲ ಪಶುವೈದ್ಯರನ್ನು ಕರೆಸಿ ಬಸದಿಯ ಆವರಣದ ಪ್ರಾಣಿಗಳನ್ನು ತೋರಿಸುವುದು ದೊಡ್ಡ ಖರ್ಚಲ್ಲ. ನಿರ್ವಾಣೋತ್ಸವದಲ್ಲಿ ಪಟಾಕಿ ಇಲ್ಲವೆಂಬ ಒಂದು ಸಾಲನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಖರ್ಚೇ ಇಲ್ಲ.

ಮನೆಯ ಮುದಿ ಪ್ರಾಣಿ ಇದ್ದಕ್ಕಿದ್ದಂತೆ ಹೊಲಸು ಮಾಡಿದರೆ, ಅಡಗಿದರೆ, ಹೆಚ್ಚು ನೀರು ಕುಡಿದರೆ, ಊಟ ಬಿಟ್ಟರೆ, ಕೋಪಿಸಿಕೊಳ್ಳುವ ಮೊದಲು, ಹೊಗಳುವುದಕ್ಕೂ ಮೊದಲು, ವೈದ್ಯರಲ್ಲಿ ತೋರಿಸಿ. ಅದಕ್ಕೆ ಮಾತು ಬಾರದು. ಹೊಸ್ತಿಲ ಬಳಿಯ ಆ ಒದ್ದೆಯೇ ಅದರ ಅರ್ಜಿ. ನಾನು ಅದನ್ನು ಓದಲು ಹನ್ನೊಂದು ರಾತ್ರಿ ತಡಮಾಡಿದೆ. ನಮ್ಮ ಮನೆಯ ಹಿಂದಿನ ಬಾಗಿಲ ಬಳಿ ಈಗಲೂ ಒಂದು ಬಟ್ಟಲು ನೀರು ಇದೆ. ಪ್ರತಿದಿನ ಸೂರ್ಯಾಸ್ತಕ್ಕೆ ಮೊದಲು ನನ್ನ ಊಟ ಮುಗಿಸಿ, ಆ ಬಟ್ಟಲನ್ನು ತೊಳೆದು ಹೊಸ ನೀರು ತುಂಬಿಸಿ, ಆ ಮೇಲೆ ಪ್ರತಿಕ್ರಮಣಕ್ಕೆ ಕುಳಿತುಕೊಳ್ಳುತ್ತೇನೆ.